ಕಾರ್ಮಿನ್ ಬಾಯಿಯ ಎಕ್ಸ್‌ರೇಯಲ್ಲಿ ಕಂಡದ್ದು

ಆ ಆದಿತ್ಯವಾರ ಕಾರ್ಮಿನ್ ಬಾಯಿ ಇಗರ್ಜಿಯಲ್ಲಿ ಕೂತಲ್ಲಿಂದ ಏಳಲೇ ಇಲ್ಲ. ಪೂಜೆ ಮುಗಿಯುತ್ತ ಬಂದಿತ್ತು. ಎಲ್ಲರೂ ಕುಮ್ಗಾರ್ ತೆಗೆದುಕೊಳ್ಳಲಿಕ್ಕೆ, ಅಂದರೆ ಪಾದ್ರಿಗಳ ಕೈಯಿಂದ ಪರಮಪ್ರಸಾದ ಸ್ವೀಕರಿಸಲಿಕ್ಕೆ, ಸಾಲು ಹಿಡಿದು ಹೊರಟಿದ್ದರು. ಯಾವಾಗಲೂ ಆ ಸಾಲಿನ ತಲೆಯಲ್ಲೇ ಇರುತ್ತಿದ್ದ ಹೆಂಗಸು ಇವತ್ತು ಬೆಂಚಿನ ಮೂಲೆಯಲ್ಲಿ ತಲೆ ತಗ್ಗಿಸಿ ಕೂತುಬಿಟ್ಟರು.

"ಎಂತ ಕಾರ್ಮಿನ್ ಬಾಯಿ, ಬರುವುದಿಲ್ವಾ?" ಎಂದು ಪಕ್ಕದವಳು ಪಿಸುಗುಟ್ಟಿದಳು.

"ಸೊಂಟ ನೋವು."

"ಸೊಂಟಕ್ಕೂ ನಾಲಿಗೆಗೂ ಎಂತ ಸಂಬಂಧ ಮಾರಾಯ್ತಿ?"

ಕಾರ್ಮಿನ್ ಬಾಯಿ ಮೊಣಕಾಲು ಓರೆ ಮಾಡಿ ಅವಳಿಗೆ ದಾರಿ ಬಿಟ್ಟರು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಯಿತು. ಕುಮ್ಗಾರಿಗೆ ಏಳದೆ ಕೂತವರನ್ನು ಕಂಡರೆ ಅತ್ತಾವರದ ಕ್ರೈಸ್ತರಿಗೆ ಒಂದೇ ಅರ್ಥ: ಒಳಗೆ ಪಾದ್ರಿಗಳಿಗೆ ಹೇಳದ ಒಂದು ದೊಡ್ಡ ಪಾಪ ಉಂಟು. ಕಾರ್ಮಿನ್ ಬಾಯಿಗೆ ಪ್ರಾಯ ಅರವತ್ತು, ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆ ಬಿಟ್ಟರೆ ಇಗರ್ಜಿ, ಇಗರ್ಜಿ ಬಿಟ್ಟರೆ ಮೀನಿನ ಮಾರ್ಕೆಟು. ಈ ಹೆಂಗಸು ಮಹಾಪಾಪವನ್ನು ಎಲ್ಲಿಂದ ಹೊತ್ತು ತಂದಳು? ಪೂಜೆ ಬಿಟ್ಟು ಹೊರಗೆ ಬಂದವರ ಬಾಯಲ್ಲಿ ಅದೇ ಮಾತು.

ಪಾಪ ಯಾವುದೆಂದು ಕಾರ್ಮಿನ್ ಬಾಯಿಗೆ ಗೊತ್ತಿತ್ತು. ಅದನ್ನು ತಾನು ಮಾಡಿದ್ದೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ತೆಂಗಿನಹಾಲಿನಿಂದ. ಹತ್ತಿರದ ಸಂಬಂಧದಲ್ಲಿ ಒಂದು ಮದುವೆ. ಹುಡುಗ ಅಬುಧಾಬಿಯಲ್ಲಿದ್ದವನು, ಅವನ ರಜೆ ಯಾವಾಗಲೋ ಮುಹೂರ್ತವೂ ಆವಾಗಲೇ. ಹಾಗಾಗಿ ಆಗಸ್ಟ್ ತಿಂಗಳಲ್ಲಿ ಮದುವೆ. ಮದುವೆಯ ಮುಂಚಿನ ಸಂಜೆ ರೋಸ್, ಮದುಮಗಳನ್ನು ಕೂರಿಸಿ ತಲೆಯಿಂದ ಕಾಲಿನವರೆಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಆ ಹೊತ್ತಿಗೆ ಹಳೆಯ ಹಾಡುಗಳನ್ನು ಎತ್ತಿಕೊಡುವುದು ಕಾರ್ಮಿನ್ ಬಾಯಿಯದ್ದೇ ಹಕ್ಕು. ಹಾಡುತ್ತ ಹಾಡುತ್ತ ಮದುಮಗಳ ಹತ್ತಿರ ಹೋದರು, ಸಿಮೆಂಟಿನ ನೆಲದಲ್ಲಿ ಚೆಲ್ಲಿದ ಹಾಲಿನ ಮೇಲೆ ಕಾಲಿಟ್ಟರು, ದಡಕ್ಕನೆ ಕೂತರು. "ಮದುಮಗಳಿಗಿಂತ ಹೆಚ್ಚು ರೋಸ್ ಕಾರ್ಮಿನ್ ಬಾಯಿಗೇ ಆಯ್ತು" ಎಂದು ಯಾರೋ ನಕ್ಕರು. ಆದರೆ ಎಬ್ಬಿಸಲಿಕ್ಕೆ ಮೂರು ಜನ ಬೇಕಾಯಿತು.

ಮಗ ಜೆರೋಮ್ ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಸೊಂಟದ ಎಕ್ಸ್‌ರೇ ತೆಗೆದರು. ಎಲುಬಿನ ಡಾಕ್ಟರು ಫಿಲ್ಮನ್ನು ಕಿಟಕಿಯ ಕಡೆಗೆ ಹಿಡಿದು, "ಎಲುಬು ಮುರಿಯಲಿಲ್ಲ, ಹೋಗಿ ಬಿಸಿನೀರಿನ ಶಾಖ ಕೊಡಿ" ಎಂದು ಕಂದು ಲಕೋಟೆಯಲ್ಲಿ ಹಾಕಿಕೊಟ್ಟರು. ಹೊರಗೆ ಐವತ್ತು ಜನ ಕಾಯುತ್ತಿದ್ದರು, ಅವರು ನೋಡಿದ್ದು ಎಲುಬು ಮಾತ್ರ. ಲಕೋಟೆ ಮನೆಗೆ ಬಂದು ಕಪಾಟಿನ ಮೇಲೆ ಕೂತಿತು. ಅಲ್ಲೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಜೆರೋಮನ ಹೆಂಡತಿ ಜೋನ್ ಕುವೈತಿನಲ್ಲಿ ನರ್ಸ್. ಎರಡು ತಿಂಗಳ ರಜೆಯಲ್ಲಿ ಬಂದಿದ್ದಳು. ಒಳ್ಳೆಯ ಹುಡುಗಿ, ಅತ್ತೆಯ ಮೇಲೆ ಪ್ರೀತಿ ಉಂಟು. ಆದರೆ ಕೈ ಸುಮ್ಮನೆ ಇರುವುದಿಲ್ಲ. ಶನಿವಾರ ಸಂಜೆ ಲಕೋಟೆ ಬಿಚ್ಚಿ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಹಿಡಿದವಳು ಇಳಿಸಲಿಲ್ಲ.

"ಮಾಂಯ್," ಎಂದಳು, ಅತ್ತೆಯನ್ನು ಅವಳು ಕರೆಯುವುದೇ ಹಾಗೆ. "ನಿಮಗೆ ಲೂಪ್ ಹಾಕಿದ್ರಾ?"

"ಎಂತ ಲೂಪ್?"

"ಅದೇ, ಮಕ್ಕಳಾಗದ ಹಾಗೆ ಗರ್ಭದೊಳಗೆ ಇಡ್ತಾರಲ್ಲ, ಪ್ಲಾಸ್ಟಿಕ್ಕಿನದ್ದು. ಹಾವಿನ ಹಾಗೆ ಡೊಂಕು ಡೊಂಕು ಇರ್ತದೆ. ಇಲ್ಲಿ ನೋಡಿ."

ಪೇಪರ್ ಓದುತ್ತಿದ್ದ ಜೆರೋಮ್ ಪೇಪರ್ ಮಡಚಿದ. "ನಾನು ಸ್ವಲ್ಪ ಹೊರಗೆ ಹೋಗಿ ಬರ್ತೇನೆ" ಎಂದು ಚಪ್ಪಲಿ ಸಿಕ್ಕಿಸಿಕೊಂಡು ಹೋಗಿಯೇಬಿಟ್ಟ.

ಕಾರ್ಮಿನ್ ಬಾಯಿ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. ಕಪ್ಪು ಫಿಲ್ಮಿನಲ್ಲಿ ತನ್ನದೇ ಸೊಂಟ, ಹಳೆಯ ಬುಟ್ಟಿಯ ಹಾಗೆ. ಬುಟ್ಟಿಯ ನಡುವೆ ಜೋನಳ ಉಗುರು ತೋರಿಸಿದ ಕಡೆ ಸಣ್ಣಗೆ, ಬೆಳ್ಳಗೆ, ಬಳುಕಿಕೊಂಡು ಹೋದ ಗೆರೆ. ಗೆರೆಯ ಪಕ್ಕಕ್ಕೇ ಅಂಟಿಕೊಂಡು ಇನ್ನೊಂದು ಗೆರೆ.

"ಆಚೆ ಬದಿಯಲ್ಲೂ ಹಾಗೆಯೇ ಉಂಟಲ್ಲ?" ಎಂದರು.

ಜೋನ್ ಫಿಲ್ಮನ್ನು ತಿರುಗಿಸಿದಳು. "ಹೌದಲ್ಲ! ಎರಡುಂಟಾ?"

"ಎರಡೆರಡು ಹಾಕ್ತಾರಾ?"

"ಆ ಕಾಲದಲ್ಲಿ ಸರ್ಕಾರದ ಟಾರ್ಗೆಟ್ ಇತ್ತಲ್ಲ ಮಾಂಯ್, ಲೆಕ್ಕ ತುಂಬಿಸಲಿಕ್ಕೆ ಎರಡು ತುರುಕಿಸಿದ್ರೋ ಎಂತದೋ!" ಜೋನ್ ಜೋರಾಗಿ ನಕ್ಕಳು. ಅತ್ತೆ ನಗದಿರುವುದನ್ನು ನೋಡಿ ಬಾಯಿ ಮುಚ್ಚಿಕೊಂಡಳು.

ಆ ಕಾಲ ಕಾರ್ಮಿನ್ ಬಾಯಿಗೆ ಚೆನ್ನಾಗಿ ನೆನಪುಂಟು. ಅರವತ್ತಾರನೆಯ ಇಸವಿ. ಊರಿನ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಜಾಹೀರಾತು, ಬಸ್ಸಿನ ಹಿಂದೆ ಎರಡೋ ಮೂರೋ ಸಾಕು ಎಂಬ ಉಪದೇಶ. ಇಗರ್ಜಿಯಲ್ಲಿ ಪಾದ್ರಿಗಳದ್ದು ಬೇರೆ ಉಪದೇಶ: ದೇವರು ಕೊಡುವುದನ್ನು ತಡೆಯುವುದು ಮಹಾಪಾಪ. ಕಾರ್ಮಿನ್ ಬಾಯಿಗೆ ಆಗ ನಲವತ್ತೊಂದು. ಐದು ಹೆತ್ತಾಗಿತ್ತು, ಆರನೆಯದ್ದು ಹೊಟ್ಟೆಯಲ್ಲಿ. ನಾಲ್ಕನೆಯ ತಿಂಗಳಲ್ಲಿ ಅದು ಇಳಿದುಹೋಯಿತು. ಮಗುವಿನ ಜೊತೆ ಮೈಯಲ್ಲಿದ್ದ ರಕ್ತವೂ ಹೋಯಿತು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಗಂಡ ಸೈಮನ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಉಳಿಸಿದ್ದು ಸೈಮನನ ಅಕ್ಕ ಸೆವ್ರಿನ್ ಬಾಯಿ. ಅವರು ಸರ್ಕಾರಿ ನರ್ಸ್, ಕಾರ್ಮಿನಳ ಐದೂ ಹೆರಿಗೆ ಅವರ ಕೈಯಲ್ಲೇ ಆದದ್ದು.

ಆ ದಿನ ಮಂಚದ ಎದುರಿನ ಗೋಡೆಯಲ್ಲಿ ಮರಿಯಮ್ಮನ ಪಟ ಇತ್ತು. ಕಾರ್ಮಿನ್ ಅದನ್ನೇ ನೋಡುತ್ತ ಬಾಯಿಯಲ್ಲಿ ಅಲ್ಲ, ಮನಸ್ಸಿನಲ್ಲಿ ಹೇಳಿದ್ದಳು: ಇನ್ನು ಬೇಡ ಅಮ್ಮಾ. ಒಂದೂ ಬೇಡ. ನಿಲ್ಲಿಸಿಕೊಟ್ಟರೆ ನಿನ್ನ ಹುಟ್ಟಿದ ಹಬ್ಬಕ್ಕೆ ನಾನು ಬದುಕಿರುವವರೆಗೆ ಹೂ ಕೊಡ್ತೇನೆ.

ನಿಂತಿತು. ಮತ್ತೆ ಆಗಲೇ ಇಲ್ಲ.

ಮರಿಯಮ್ಮ ಹುಟ್ಟಿದ ಹಬ್ಬ ಎಂದರೆ ಮೊಂತಿ ಫೆಸ್ತ್, ಸೆಪ್ಟೆಂಬರ್ ಎಂಟು. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುತ್ತ ಹಾಡಬೇಕು. ಹೂವಿನ ಗಿಡವಿಲ್ಲದ ಮನೆಯ ಮಕ್ಕಳಿಗೆಲ್ಲ ಕಾರ್ಮಿನ್ ಬಾಯಿಯ ಹಿತ್ತಿಲೇ ಗತಿ. ಅಬ್ಬಲಿಗೆ, ದಾಸವಾಳ, ಗೊರಟೆ, ರತ್ನಗಂಧಿ. ಬೆಳಕಾಗುವ ಮೊದಲೇ ಕೊಯ್ದು ತಟ್ಟೆ ತಟ್ಟೆ ಮಾಡಿ ಇಡುತ್ತಿದ್ದರು. "ಕಾರ್ಮಿನ್ ಬಾಯಿಗೆ ಮಕ್ಕಳೆಂದರೆ ಜೀವ" ಎಂದು ಊರೆಲ್ಲ ಹೊಗಳುವಾಗ ಅವರು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಇನ್ನು ಮಕ್ಕಳು ಬೇಡ ಎಂದದ್ದಕ್ಕೆ ಕೊಡುವ ಹೂ ಇದು ಎಂದು ಯಾರಿಗೆ ಹೇಳುವುದು? ಇಪ್ಪತ್ತು ವರ್ಷ ಮರಿಯಮ್ಮನಿಗೂ ತನಗೂ ಮಾತ್ರ ಗೊತ್ತಿದ್ದ ಗುಟ್ಟು.

ಈಗ ಫಿಲ್ಮ್ ಬೇರೆಯೇ ಹೇಳುತ್ತಿತ್ತು. ನಿಲ್ಲಿಸಿದ್ದು ಮರಿಯಮ್ಮ ಅಲ್ಲ, ಪ್ಲಾಸ್ಟಿಕ್ಕು. ಅದು ತನ್ನೊಳಗೆ ಬಂದದ್ದು ಹೇಗೆ? ಆಗ ತನ್ನನ್ನು ಮುಟ್ಟಿದ್ದು ಸೆವ್ರಿನ್ ಬಾಯಿಯ ಕೈ ಒಂದೇ. ಹಾಗಿದ್ದರೆ ಇಪ್ಪತ್ತು ವರ್ಷ ಪಾಪವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಮ್ಗಾರ್ ತೆಗೆದುಕೊಂಡದ್ದಾಯಿತಲ್ಲ! ಆ ಹೂ ಎಲ್ಲ ಯಾರಿಗೆ ಹೋಯಿತು? ಯೋಚನೆ ಮಾಡಿದಷ್ಟೂ ತಲೆ ಹೊಳೆಯ ಮರುವಾಯಿಯ ಚಿಪ್ಪು ತುಂಬಿದ ಗೋಣಿಯ ಹಾಗೆ ಗಲಗಲ ಎನ್ನುತ್ತಿತ್ತು. ಹಾಗಾಗಿ ಆ ಆದಿತ್ಯವಾರ ಏಳಲಿಲ್ಲ. ಸೋಮವಾರ ಮಕ್ಕಳು ತಟ್ಟೆ ಹಿಡಿದು ಬಂದಾಗ, "ಇವತ್ತಿನಿಂದ ನೀವೇ ಕೊಯ್ದುಕೊಳ್ಳಿ ಮಕ್ಕಳೇ, ನನಗೆ ಬಗ್ಗಲಿಕ್ಕೆ ಆಗುವುದಿಲ್ಲ" ಎಂದರು. ಅರ್ಧ ಸುಳ್ಳು.

ಬೇಲಿಯಾಚೆ ರತ್ನಾವತಿಯಕ್ಕ. ಬಂಟರ ಮನೆ, ಗಂಡ ತಾರಾನಾಥರದ್ದು ಹಂಪನಕಟ್ಟೆಯಲ್ಲಿ ಹೋಟೆಲು. ಇಬ್ಬರದ್ದೂ ಮೂವತ್ತು ವರ್ಷದ ಬೇಲಿ ಮಾತು. ಮಕ್ಕಳು ಅಬ್ಬಲಿಗೆಯ ಗೆಲ್ಲನ್ನೇ ಮುರಿಯುವುದನ್ನು ಕಂಡು ಅವರು ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು.

"ಎಂತ ಕಾರ್ಮಿನ್ ಬಾಯಿ, ಹೂವಿಗೆ ಮಕ್ಕಳನ್ನು ಬಿಟ್ಟಿದ್ದೀರಿ? ಮುಖ ನೋಡಿದರೆ ಮೂರು ದಿನದಿಂದ ಉಪವಾಸ ಇದ್ದ ಹಾಗುಂಟು."

ಯಾರಿಗೂ ಹೇಳಬಾರದೆಂದು ಇದ್ದವರು ಹೇಳಿಯೇಬಿಟ್ಟರು. ರತ್ನಾವತಿಯಕ್ಕ ಕೇಳಿ ಕಣ್ಣರಳಿಸಿದರು. "ಅಯ್ಯೋ ದೇವರೇ! ನಿಮಗೂ ಉಂಟಾ?"

"ನಿಮಗೂ ಅಂದರೆ?"

"ನಾನು ಹಾಕಿಸಿಕೊಂಡಿದ್ದೆ ಮಾರಾಯ್ತಿ, ಅರವತ್ತೇಳರಲ್ಲಿ. ನಮ್ಮವರಿಗೆ ಹೇಳಲೇ ಇಲ್ಲ. ಸೊಂಟ ನೋವು, ಹಾಗೆ ಹೀಗೆ ಅಂತ ವರ್ಷ ದಾಟಿಸಿದೆ. ಆಮೇಲೆ ತೆಗೆಸಿದೆ. ಅದಕ್ಕೊಂದು ದಾರ ಇರ್ತದೆ, ಗೊತ್ತುಂಟಾ? ಇದ್ದರೆ ಕೈಗೆ ಸಿಗ್ತದೆ." ಧ್ವನಿ ತಗ್ಗಿಸಿ ಕೇಳಿದರು, "ಸಿಗ್ತದಾ?"

"ಥೂ, ನಾನೆಂತಕ್ಕೆ ಹುಡುಕಲಿ!"

"ನಿಮ್ಮದೇ ಮೈಯಲ್ವಾ? ನೆರೆಮನೆಯವರದ್ದಾ?"

ಕಾರ್ಮಿನ್ ಬಾಯಿ ಒಳಗೆ ಹೋದರು. ಹುಡುಕಲಿಲ್ಲ. ಹುಡುಕಿ ಸಿಕ್ಕಿದರೆ ಎಂತ ಮಾಡುವುದು, ಸಿಗದಿದ್ದರೆ ಎಂತ ಮಾಡುವುದು, ಎರಡೂ ಗೊತ್ತಿರಲಿಲ್ಲ.

ಬುಧವಾರ ಸಂಜೆ ಕುಮ್ಸಾರಿಗೆ ಹೋದರು, ಪಾಪ ನಿವೇದನೆಗೆ. ದೊಡ್ಡ ಪಾದ್ರಿಗಳು ಬೇಡವೆಂದು, ಹೊಸದಾಗಿ ಬಂದ ಸಣ್ಣ ಪಾದ್ರಿಯ ಗೂಡಿನ ಎದುರು ಕಷ್ಟಪಟ್ಟು ಮೊಣಕಾಲೂರಿದರು. ಜಾಲರಿಯಾಚೆ ಅವರ ಕಿವಿ ಮಾತ್ರ ಕಾಣುತ್ತಿತ್ತು.

"ಫಾದರ್, ನಾನೊಂದು ಪಾಪ ಮಾಡಿರಬಹುದು."

"ಮಾಡಿರಬಹುದಾ? ಮಾಡಿದ್ದೀರಾ?"

"ಗೊತ್ತಿಲ್ಲ ಫಾದರ್. ಫಿಲ್ಮಿನಲ್ಲಿ ಉಂಟು."

"ಯಾವ ಫಿಲ್ಮ್ ನೋಡಿದ್ದು ನೀವು?" ಧ್ವನಿ ಸ್ವಲ್ಪ ಗಡುಸಾಯಿತು.

"ಟಾಕೀಸಿನದ್ದಲ್ಲ ಫಾದರ್, ಆಸ್ಪತ್ರೆಯದ್ದು." ಹೇಳಲಿಕ್ಕೆ ನಾಚಿಕೆ, ಬಿಡಲಿಕ್ಕೆ ಹೆದರಿಕೆ, ಅಂತೂ ತೊದಲಿ ತೊದಲಿ ಹೇಳಿ ಮುಗಿಸಿದರು. ಹರಕೆಯನ್ನೂ ಹೇಳಿದರು.

ಸಣ್ಣ ಪಾದ್ರಿ ನಿಟ್ಟುಸಿರು ಬಿಟ್ಟರು. "ನೋಡಿ ಬಾಯಿ, ನಿಮಗೆ ತಿಳಿಯದೆ ಯಾರೋ ಮಾಡಿದ್ದರೆ ಅದು ನಿಮ್ಮ ಪಾಪ ಅಲ್ಲ."

"ಆದರೆ ಫಾದರ್, ಮತ್ತೆ ಆಗಲಿಲ್ಲ ಅಂತ ನನಗೆ ಸಂತೋಷ ಆಗಿತ್ತು. ತುಂಬ ಸಂತೋಷ. ಪ್ರತಿ ತಿಂಗಳೂ."

ಜಾಲರಿಯಾಚೆ ಆ ಕಿವಿ ಕೆಂಪಾದದ್ದು ಕಾರ್ಮಿನ್ ಬಾಯಿಗೆ ಕಂಡಿತು. ಪಾಪ, ಸಣ್ಣ ಹುಡುಗ, ಸೆಮಿನರಿಯಲ್ಲಿ ಇದನ್ನೆಲ್ಲ ಕಲಿಸಿರಲಿಕ್ಕಿಲ್ಲ.

"ಮೊದಲು ಡಾಕ್ಟರಿಗೆ ತೋರಿಸಿ" ಎಂದರು ಕೊನೆಗೆ. "ಸರಿಯಾಗಿ ತಿಳಿದುಕೊಂಡು ಬನ್ನಿ."

ಸರಿಯಾಗಿ ತಿಳಿದವರು ಡಾಕ್ಟರಿಗಿಂತ ಮೊದಲು ಇನ್ನೊಬ್ಬರಿದ್ದರಲ್ಲ. ಗುರುವಾರ ಕಾರ್ಮಿನ್ ಬಾಯಿ ಜೋನಳಿಗೂ ಹೇಳದೆ ಸೊಂಟ ಹಿಡಿದುಕೊಂಡು ಪಡೀಲಿನ ಬಸ್ಸು ಹತ್ತಿದರು.

ಸೆವ್ರಿನ್ ಬಾಯಿ ಪಡೀಲಿನಲ್ಲಿ ಒಬ್ಬರೇ ಇದ್ದದ್ದು. ಮದುವೆಯಾಗಲಿಲ್ಲ. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ, ಕಿವಿ ಮಾತ್ರ ಕೈಕೊಟ್ಟಿತ್ತು. ನರ್ಸುಗಳು ಎದೆಗೆ ಸಿಕ್ಕಿಸುವ ಗಡಿಯಾರವನ್ನು ಮನೆಯ ಹೌಸ್‌ಕೋಟಿಗೂ ಸಿಕ್ಕಿಸಿಕೊಂಡೇ ಇರುತ್ತಿದ್ದರು. ಕೋಳಿಗಳಿಗೆ ಅಕ್ಕಿ ಎರಚುತ್ತಿದ್ದವರು ನಾದಿನಿ ಗೇಟು ತೆಗೆಯುವುದನ್ನು ನೋಡಿ, "ಬಿದ್ದ ಸೊಂಟ ತೆಗೆದುಕೊಂಡು ಬಸ್ಸಿನಲ್ಲಿ ಬಂದಿಯಾ? ನಿನಗೆ ಬುದ್ಧಿ ಯಾವಾಗ ಬರುವುದು?" ಎಂದು ಬೈದು ಒಳಗೆ ಕರೆದು ಚಾ ಇಟ್ಟರು.

ಕಾರ್ಮಿನ್ ಬಾಯಿ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ಸೀದಾ ಕೇಳಿದರು: "ಬಾಯಿ, ಅರವತ್ತಾರರಲ್ಲಿ ನೀವು ನನಗೆ ಲೂಪ್ ಹಾಕಿದ್ದಾ?"

"ಆಂ?"

"ಲೂಪ್! ಲೂಪ್!" ಹೇಳಬಾರದ ಶಬ್ದವನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ಕೋಳಿಗಳು ಚದುರಿದವು.

ಸೆವ್ರಿನ್ ಬಾಯಿ ಕಪ್ಪು ಕೆಳಗಿಟ್ಟರು. "ಹಾಕಿದೆ. ಎಂತ ಈಗ? ಪೊಲೀಸಿಗೆ ಕೊಡ್ತೀಯಾ?"

"ನನ್ನನ್ನು ಕೇಳದೆ?"

"ನಿನ್ನನ್ನು ಕೇಳಿದ್ದರೆ ನೀನು ಪಾದ್ರಿಯನ್ನು ಕೇಳ್ತಿದ್ದಿ. ಪಾದ್ರಿ ಬಿಷಪರನ್ನು ಕೇಳ್ತಿದ್ದರು. ಬಿಷಪರು ರೋಮಿಗೆ ಬರೀತಿದ್ದರು. ರೋಮಿನಿಂದ ಉತ್ತರ ಬರುವಾಗ ನಿನಗೆ ಏಳನೆಯದ್ದು ಆಗಿ ನಿನ್ನ ಪೆಟ್ಟಿಗೆಗೆ ಮೊಳೆ ಹೊಡೆಯುವ ಹೊತ್ತು. ನಿನ್ನ ಕಣ್ಣಿನ ಒಳಗೆ ಬಿಳಿ ಕಾಗದದ ಹಾಗಿತ್ತು ಕಾರ್ಮಿನ್, ನೀನು ನೋಡಲಿಲ್ಲ, ನಾನು ನೋಡಿದ್ದೇನೆ. ತಿಂಗಳು ಬಿಟ್ಟು ತಪಾಸಣೆ ಮಾಡ್ತೇನೆ ಅಂತ ಬಂದೆನಲ್ಲ, ಆವಾಗ ಹಾಕಿದೆ. ನಿನ್ನದೇ ಅಡುಗೆಮನೆಯಲ್ಲಿ ಸಾಮಾನು ಕುದಿಸಿ."

"ಸೈಮನಿಗೆ ಗೊತ್ತಿತ್ತಾ?"

"ನನ್ನ ತಮ್ಮ ಒಳ್ಳೆಯವನು. ಒಳ್ಳೆಯವರಿಗೆ ಎಲ್ಲ ಹೇಳಬಾರದು."

ಕಾರ್ಮಿನ್ ಬಾಯಿಗೆ ಅಳು ಬಂತೋ ಸಿಟ್ಟು ಬಂತೋ, ಅವರಿಗೇ ತಿಳಿಯಲಿಲ್ಲ. "ಅದಕ್ಕೆ ಎರಡೆರಡು ಹಾಕಬೇಕಿತ್ತಾ?"

"ಎಂತ ಎರಡು?"

"ಫಿಲ್ಮಿನಲ್ಲಿ ಎರಡುಂಟು. ಆ ಬದಿಗೊಂದು, ಈ ಬದಿಗೊಂದು."

"ಹುಚ್ಚಾ ನಿನಗೆ? ಗರ್ಭ ಅಂದರೆ ಬಟ್ಟೆ ಒಣಗಿಸುವ ಹಗ್ಗವಾ, ಸಾಲಾಗಿ ಸಿಕ್ಕಿಸಲಿಕ್ಕೆ? ಹಾಕಿದ್ದು ಒಂದೇ. ನಡುವಿನಲ್ಲಿ. ಬದಿಯಲ್ಲಿ ಕಂಡರೆ ಅದು ನನ್ನದಲ್ಲ." ನರ್ಸಿನ ಮರ್ಯಾದೆಗೆ ಪೆಟ್ಟು ಬಿದ್ದು ಮುದುಕಿಯ ಮೂಗು ಕೆಂಪಾಯಿತು.

ಕಾರ್ಮಿನ್ ಬಾಯಿ ಚಾ ಮುಟ್ಟದೆ ಎದ್ದರು. ಆ ಮನೆಯಲ್ಲಿ ಚಾ ಬಿಟ್ಟು ಎದ್ದದ್ದು ಅದೇ ಮೊದಲು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಲಿಕ್ಕೆ ನೋಡಿದರು. ಕೇಳದೆ ತನ್ನ ಮೈಯೊಳಗೆ ಕೈಹಾಕಿದ್ದು ತಪ್ಪೇ ತಪ್ಪು. ಕೇಳಿದ್ದರೆ ತಾನು ಬೇಡ ಎನ್ನುತ್ತಿದ್ದುದೂ ಹೌದು. ಬೇಡ ಎಂದಿದ್ದರೆ ಈಗ ಈ ಬಸ್ಸಿನಲ್ಲಿ ಕೂತಿರುತ್ತಿರಲಿಲ್ಲ, ಅದೂ ಹೌದು. ಹಾಗಾದರೆ ಸೆವ್ರಿನ್ ಬಾಯಿಯನ್ನು ಬೈಯಬೇಕಾ, ಅವರ ಕಾಲು ಹಿಡಿಯಬೇಕಾ? ಮರಿಯಮ್ಮನಿಗೆ ಎಂತ ಹೇಳುವುದು, ಇಪ್ಪತ್ತು ವರ್ಷದ ಹೂ ವಾಪಸು ಕೊಡು ಅನ್ನುವುದಾ? ಕಂಕನಾಡಿ ಬಂದದ್ದೂ ಗೊತ್ತಾಗಲಿಲ್ಲ, ಕಂಡಕ್ಟರ್ "ಅಮ್ಮಾ, ಇಳಿಯುವುದಿಲ್ವಾ?" ಎಂದ ಮೇಲೆ ಇಳಿದರು.

ಮನೆಗೆ ಬಂದು ಜೋನಳಿಗೆ ಹೇಳಿದರೆ, ಅವಳಿಗೆ ಪಶ್ಚಾತ್ತಾಪ ಬೇರೆ, ಹುರುಪು ಬೇರೆ. "ನಾಳೆಯೇ ಹೋಗಿ ತೆಗೆಸಿಬಿಡುವಾ ಮಾಂಯ್. ಇಷ್ಟು ವರ್ಷ ಒಳಗೆ ಇರಬಾರದು."

ಹೆಂಗಸರ ಡಾಕ್ಟರ್ ಸ್ನೇಹಲತಾ ಅತ್ತಾವರದಲ್ಲೇ ಇದ್ದದ್ದು, ಬಾಗಿಲಲ್ಲಿ ಯಾವಾಗಲೂ ಜಾತ್ರೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು, ಆಮೇಲೆ ಪರದೆಯ ಹಿಂದೆ ಕರೆದು ತಪಾಸಣೆ ಮಾಡಿದರು, ಕೊನೆಗೆ ಫಿಲ್ಮನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಸ್ವಲ್ಪ ಹೊತ್ತು ನೋಡಿ ಜೋನಳ ಕಡೆ ತಿರುಗಿದರು.

"ಲೂಪ್ ಅಂತ ಹೇಳಿದ್ದು ಯಾರು?"

ಜೋನ್ ಕೈಚೀಲದ ಗುಂಡಿಯನ್ನು ತಿರುಗಿಸತೊಡಗಿದಳು.

"ತಪ್ಪು ತಿಳಿಯುವುದು ಸಹಜವೇ. ಇಲ್ಲಿ ನೋಡಿ ಅಮ್ಮ. ಒಂದು ಗೆರೆ ಅಲ್ಲ ಇದು, ಜೋಡಿ ಗೆರೆ, ರೈಲಿನ ಹಳಿಯ ಹಾಗೆ. ಬಲಬದಿಗೂ ಉಂಟು, ಎಡಬದಿಗೂ ಉಂಟು. ಗರ್ಭಕ್ಕೆ ರಕ್ತ ಕೊಂಡುಹೋಗುವ ನಾಳಗಳು ಇವು, ಎರಡು ಬದಿಯಿಂದ ಬಳುಕಿಕೊಂಡು ಬರ್ತವೆ. ಸಾಧಾರಣವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಪ್ರಾಯ ಆದ ಮೇಲೆ ಕೆಲವರಿಗೆ ಅದರ ಗೋಡೆಯಲ್ಲಿ ಸುಣ್ಣದ ಅಂಶ ಕೂತು ಗಟ್ಟಿಯಾಗ್ತದೆ. ಆಗ ಹೀಗೆ ಬೆಳ್ಳಗೆ ಕಾಣ್ತದೆ."

"ಮರುವಾಯಿಯ ಚಿಪ್ಪಿನ ಹಾಗಾ?" ಎಂದರು ಕಾರ್ಮಿನ್ ಬಾಯಿ.

ಡಾಕ್ಟರ್ ನಕ್ಕರು. "ಹೌದು, ಅದೇ ಜಾತಿ. ಅದಕ್ಕೆ ಮದ್ದು ಬೇಡ, ತೆಗೆಯಲಿಕ್ಕೂ ಇಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗೆ ಆಗುವುದು ಹೆಚ್ಚು. ನಿಮ್ಮ ಮೂತ್ರದಲ್ಲಿ ಸಕ್ಕರೆ ಉಂಟು. ರಕ್ತ ಪರೀಕ್ಷೆ ಮಾಡಿಸಬೇಕು, ನೋಡಿಕೊಳ್ಳಬೇಕಾದ್ದು ಅದನ್ನು."

ಸಕ್ಕರೆಯ ಮಾತು ಕಾರ್ಮಿನ್ ಬಾಯಿಯ ಕಿವಿಗೆ ಹೋಗಲೇ ಇಲ್ಲ. "ಹಾಗಾದರೆ ಲೂಪ್?"

"ಇಲ್ಲವೇ ಇಲ್ಲ. ನಾನು ಒಳಗೂ ನೋಡಿದೆ, ಫಿಲ್ಮಿನಲ್ಲೂ ಇಲ್ಲ."

"ನನ್ನ ಅತ್ತಿಗೆ ಹಾಕಿದ್ದೇನೆ ಅಂತಾರಲ್ಲ? ಕುದಿಸಿ ಹಾಕಿದ್ದಂತೆ."

ಡಾಕ್ಟರ್ ಕುರ್ಚಿ ಎಳೆದು ಎದುರು ಕೂತರು. ಹೊರಗಿನ ಸಾಲು ಕಾಯಲಿ ಎಂದುಕೊಂಡರೋ ಏನೋ. "ಹಾಕಿರಬಹುದು. ಆ ಕಾಲದ ಲೂಪ್ ಎಷ್ಟೋ ಜನರಿಗೆ ತಾನಾಗಿ ಬಿದ್ದುಹೋಗ್ತಿತ್ತು, ಬಿದ್ದದ್ದೂ ಗೊತ್ತಾಗ್ತಿರಲಿಲ್ಲ. ಇಲ್ಲದಿದ್ದರೆ ಅವರು ಹಾಕಲೇ ಇಲ್ಲವೋ ಏನೋ. ಅಷ್ಟೊಂದು ಹೆಂಗಸರಿಗೆ ಹಾಕಿದವರು, ಒಬ್ಬರ ನೆನಪು ಇನ್ನೊಬ್ಬರ ಮೇಲೆ ಕೂತಿರಬಹುದು. ಫಿಲ್ಮಿನಲ್ಲಿ ಇವತ್ತು ಇದ್ದದ್ದು ಮಾತ್ರ ಕಾಣ್ತದಮ್ಮ. ಅವತ್ತು ಇದ್ದದ್ದು ಕಾಣುವುದಿಲ್ಲ."

"ಮತ್ತೆ ನಿಲ್ಲಿಸಿದ್ದು ಯಾರು?"

"ಯಾರೂ ನಿಲ್ಲಿಸದೆಯೂ ನಿಂತಿರಬಹುದು. ನಲವತ್ತು ದಾಟಿತ್ತು, ಅಷ್ಟು ರಕ್ತ ಹೋಗಿತ್ತು. ನಾನು ಹೇಗೆ ಹೇಳಲಿ?"

ಬರುವಾಗ ನಿಲ್ಲಿಸಿರಬಹುದಾದವರು ಇಬ್ಬರಿದ್ದರು, ಮರಿಯಮ್ಮ ಮತ್ತು ಸೆವ್ರಿನ್ ಬಾಯಿ. ಹೋಗುವಾಗ ಮೂವರಾದರು. ಯಾರೂ ಅಲ್ಲ ಎಂಬುದೂ ಒಬ್ಬರ ಹಾಗೆ ನಡುವೆ ಬಂದು ನಿಂತಿತು. ದಾರಿಯುದ್ದಕ್ಕೂ ಜೋನ್ "ಸಾರಿ ಮಾಂಯ್, ಸಾರಿ ಮಾಂಯ್" ಎನ್ನುತ್ತಿದ್ದಳು. ಕಾರ್ಮಿನ್ ಬಾಯಿ, "ಇರಲಿ ಬಿಡು, ನನ್ನ ಒಳಗೆ ಚಿಪ್ಪುಂಟು ಅಂತ ನಿನಗೆ ಹೇಗೆ ಗೊತ್ತಾಗಬೇಕು" ಎಂದು ಅವಳ ಕೈ ಹಿಡಿದುಕೊಂಡರು, ಅರ್ಧ ಪ್ರೀತಿಗೆ, ಅರ್ಧ ಸೊಂಟಕ್ಕೆ. ಬೇಲಿಯಲ್ಲಿ ಕಾಯುತ್ತಿದ್ದ ರತ್ನಾವತಿಯಕ್ಕನಿಗೆ ಇದು ಸರಿಹೋಗಲಿಲ್ಲ. "ಎಲೆಗೆ ಸುಣ್ಣ ಹಚ್ಚಿ ತಿನ್ನುವವಳು ನಾನು, ಸುಣ್ಣ ಕೂತದ್ದು ನಿಮಗೆ! ಇದ್ಯಾವ ನ್ಯಾಯ?" ಎಂದರು.

ಶನಿವಾರ ಮತ್ತೆ ಅದೇ ಜಾಲರಿ, ಅದೇ ಕಿವಿ.

"ಡಾಕ್ಟರ್ ಎಂತ ಹೇಳಿದರು?"

"ಏನೂ ಇಲ್ಲ ಅಂದರು ಫಾದರ್. ರಕ್ತದ ನಾಳವಂತೆ."

"ದೇವರಿಗೆ ಸ್ತೋತ್ರ. ಹಾಗಾದರೆ ಮುಗಿಯಿತಲ್ಲ."

"ಸಂತೋಷ ಆಗಿದ್ದು ಇತ್ತಲ್ಲ ಫಾದರ್?"

ಸಣ್ಣ ಪಾದ್ರಿ ಈ ಸಲ ತಯಾರಾಗಿ ಬಂದ ಹಾಗಿತ್ತು. "ಈಗಲೂ ಉಂಟಾ?"

ಕಾರ್ಮಿನ್ ಬಾಯಿ ಯೋಚಿಸಿದರು. ಸುಳ್ಳು ಹೇಳುವ ಜಾಗ ಅಲ್ಲ ಅದು. "ಉಂಟು."

"ಜೀವ ಉಳಿಯಿತು ಅಂತ ಸಂತೋಷಪಟ್ಟದ್ದಕ್ಕೆ ನಾನು ಎಂತ ಪ್ರಾಯಶ್ಚಿತ್ತ ಕೊಡಲಿ? ಒಂದು ನಮೋ ಮರಿಯಾ ಹೇಳಿ. ನಿಮ್ಮ ಹರಕೆಯ ವಿಷಯ ಅವಳ ಹತ್ತಿರವೇ ಮಾತಾಡಿ."

ಹೇಳಿದರು. ಮರಿಯಮ್ಮ ಎಂದಿನ ಹಾಗೆ ಸುಮ್ಮನೆ ಕೇಳಿದಳು, ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮನೆಗೆ ಬಂದವರೇ ಜೆರೋಮನನ್ನು ಕರೆದು, "ನಾಳೆ ಬೆಳಿಗ್ಗೆ ಪಡೀಲಿಗೆ ರಿಕ್ಷಾ ತೆಗೆದುಕೊಂಡು ಹೋಗಿ ನಿನ್ನ ಅತ್ತೆಯನ್ನು ಹಬ್ಬಕ್ಕೆ ಕರೆದುಕೊಂಡು ಬಾ. ಬರುವುದಿಲ್ಲ ಅಂದರೆ ಎತ್ತಿಕೊಂಡು ಬಾ" ಎಂದರು.

ಮೊಂತಿ ಹಬ್ಬದ ಆದಿತ್ಯವಾರ ಕಾರ್ಮಿನ್ ಬಾಯಿ ಕತ್ತಲಿರುವಾಗಲೇ ಎದ್ದು, ಬಗ್ಗುವಾಗ ಒಮ್ಮೆ, ಏಳುವಾಗ ಒಮ್ಮೆ ನರಳುತ್ತ ಹೂ ಕೊಯ್ದರು. ಮಕ್ಕಳ ತಟ್ಟೆಗಳು ತುಂಬಿದ ಮೇಲೂ ಒಂದು ದೊಡ್ಡ ಬುಟ್ಟಿ ಉಳಿಯಿತು.

ಇಗರ್ಜಿಯ ಅಂಗಳದಲ್ಲಿ ಆಶೀರ್ವಾದಕ್ಕೆ ತಂದ ಹೊಸ ಭತ್ತದ ತೆನೆಯ ಕಟ್ಟು, ಚಪ್ಪರ, ಹೂ ಹಿಡಿದ ಮಕ್ಕಳ ಗದ್ದಲ. ಸೆವ್ರಿನ್ ಬಾಯಿ ಹಳೆಯ ರೇಷ್ಮೆ ಸೀರೆಗೂ ಗಡಿಯಾರ ಸಿಕ್ಕಿಸಿಕೊಂಡು, ಮುಖ ಗಂಟು ಹಾಕಿಕೊಂಡು ರಿಕ್ಷಾದಿಂದ ಇಳಿದರು. ಕಾರ್ಮಿನ್ ಬಾಯಿ ಒಂದು ತಟ್ಟೆಗೆ ಬುಟ್ಟಿಯ ಅರ್ಧ ಹೂ ಸುರಿದು ಅವರ ಕೈಗೆ ಕೊಟ್ಟರು.

"ಎಂತ ಇದು? ನಾನು ಮಗುವಾ?"

"ಹಿಡಿಯಿರಿ ಬಾಯಿ."

"ಫಿಲ್ಮನ್ನು ಡಾಕ್ಟರಿಗೆ ತೋರಿಸಿದೆಯಂತೆ? ನನ್ನ ಲೂಪ್ ಎಲ್ಲುಂಟಂತೆ?" ಕಿವುಡಿಯ ಧ್ವನಿ ತೆನೆಯ ಕಟ್ಟಿನವರೆಗೂ ಹೋಯಿತು. ನಾಲ್ಕು ತಲೆಗಳು ತಿರುಗಿದವು.

ಕಾರ್ಮಿನ್ ಬಾಯಿ ಅವರ ಕಿವಿಗೆ ಬಾಯಿ ಹಚ್ಚಿದರು. "ಇಲ್ಲವಂತೆ ಬಾಯಿ. ಅದು ರಕ್ತದ ನಾಳ, ಗಟ್ಟಿಯಾದದ್ದು. ಲೂಪ್ ಇಲ್ಲ."

ಸೆವ್ರಿನ್ ಬಾಯಿಗೆ ಖುಷಿಯಾಗುತ್ತದೆ, ಪಾಪದ ಭಾರ ಇಳಿಯಿತೆಂದು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ ಎಂದು ಇವರು ಎಣಿಸಿದ್ದರು. ಆದರೆ ಮುದುಕಿಯ ಮುಖ ಬಾಡಿಹೋಯಿತು. 

"ಹಾಗಾದರೆ ನಾನು ಹಾಕಲೇ ಇಲ್ವಾ?" ಎಂದರು, ಈಗ ಸಣ್ಣ ಧ್ವನಿಯಲ್ಲಿ. "ಹಾಕಿದ ಹಾಗೆಯೇ ನೆನಪುಂಟಲ್ಲ ಕಾರ್ಮಿನ್. ಪ್ರತಿ ಸಲ ಕುಮ್ಗಾರ್ ತೆಗೆದುಕೊಳ್ಳುವಾಗ ದೇವರ ಹತ್ತಿರ ಜಗಳ ಮಾಡ್ತಿದ್ದೆ. ನೀನು ಪಾಪ ಅಂತ ಬರೆದುಕೊಳ್ಳುವುದಾದರೆ ಬರೆದುಕೋ, ಇದೊಂದು ಕೆಲಸ ನಾನು ಸರಿಯಾಗಿಯೇ ಮಾಡಿದ್ದು ಅಂತ. ನನ್ನಿಂದಾಗಿ ನೀನು ಉಳಿದದ್ದು ಅಂತ."

ಕಾರ್ಮಿನ್ ಬಾಯಿಗೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೊಳೆಯಿತು, ಗುಟ್ಟು ತನ್ನೊಬ್ಬಳದ್ದೇ ಆಗಿರಲಿಲ್ಲ. ತಾನು ಇಲ್ಲಿ ಹೂ ಕೊಡುವಾಗ ಅತ್ತಿಗೆಯೂ ಅಲ್ಲಿ ತನ್ನ ಇಗರ್ಜಿಯ ಮೂಲೆಯಲ್ಲಿ ಅದೇ ವಿಷಯಕ್ಕೆ ದೇವರ ಹತ್ತಿರ ವಾದ ಮಾಡುತ್ತಿದ್ದರು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ಇನ್ನೂ ಇತ್ತು. ಆದರೂ ಆ ಬಾಡಿದ ಮುಖ ನೋಡಲಿಕ್ಕೆ ಆಗಲಿಲ್ಲ.

"ಡಾಕ್ಟರ್ ಇನ್ನೊಂದು ಮಾತು ಹೇಳಿದರು ಬಾಯಿ. ಹಾಕಿದ್ದು ಬಿದ್ದುಹೋಗಿರಬಹುದಂತೆ. ಎಷ್ಟೋ ಜನರಿಗೆ ಬೀಳ್ತಿತ್ತಂತೆ."

"ಯಾವಾಗ ಬಿದ್ದದ್ದಂತೆ?"

"ಅದು ಯಾರಿಗೂ ಗೊತ್ತಿಲ್ಲವಂತೆ."

ಸೆವ್ರಿನ್ ಬಾಯಿಯ ಬೆನ್ನು ಮೆಲ್ಲನೆ ನೆಟ್ಟಗಾಯಿತು. "ಬೀಳುವ ಮೊದಲು ಕೆಲಸ ಮಾಡಿಯೇ ಬಿದ್ದಿರ್ತದೆ. ನಾನು ಹಾಕಿದ್ದಲ್ವಾ?"

"ಇರಬಹುದು."

"ಇರಬಹುದು ಅಂದರೆ?"

"ಇರಬಹುದು ಅಂದರೆ ಇರಬಹುದು ಬಾಯಿ. ಅವಳೂ ಇರಬಹುದು." ಕಾರ್ಮಿನ್ ಬಾಯಿ ಹೂವಿನ ನಡುವೆ ನಿಂತ ಸಣ್ಣ ಮೂರ್ತಿಯನ್ನು ತೋರಿಸಿದರು. "ಈಗ ಎರಚಿ, ಮಕ್ಕಳೆಲ್ಲ ಮುಗಿಸಿದರು."

ಹಾಡು ಶುರುವಾಗಿತ್ತು. ಇಬ್ಬರು ಮುದುಕಿಯರು ಮಕ್ಕಳ ಹಿಂದೆ ನಿಂತು ಹೂ ಎರಚಿದರು. ಸೆವ್ರಿನ್ ಬಾಯಿಯ ಗುರಿ ತಪ್ಪಿ ಅರ್ಧ ಹೂ ಕಾರ್ಮಿನ್ ಬಾಯಿಯ ಸೊಂಟಕ್ಕೇ ಬಿತ್ತು.

ಪೂಜೆಯ ಕೊನೆಗೆ ಸಾಲು ಎದ್ದಿತು. ಕಾರ್ಮಿನ್ ಬಾಯಿ ಬೆಂಚು ಹಿಡಿದು, ಅತ್ತಿಗೆಯ ಭುಜ ಹಿಡಿದು ಎದ್ದರು. ಪಕ್ಕದವಳು ತಡೆಯಲಾರದೆ ಕೇಳಿದಳು: "ಎಂತ, ಸೊಂಟ ನೋವು ಹೋಯ್ತಾ?"

"ಇಲ್ಲ, ಉಂಟು" ಎಂದು ಕಾರ್ಮಿನ್ ಬಾಯಿ ಸಾಲಿಗೆ ಸೇರಿಕೊಂಡರು.